ಬೇಡ ಹೇಳ್ತರೂ ಕಾರಣ ಬರೆಯೆಕ್ಕಡ

ಕಳುದ ಆಟಿಲಿ ಮಗಳು ಎರಡು ವಾರ ಊರಿಂಗೆ ಬಂದಿತ್ತು. ಪತ್ರೊಡೆ ತಿಂಬಲೆ ಬಂದದು ಹೇಳಿ ಆನು ಗ್ರೇಶಿದ್ದು. ಎಲ್ಲಿಗೆ? ಇರುಳು ಏಳೂವರೆ ಅಪ್ಪಗ ಉಪ್ಪರಿಗೆ ಹತ್ತಿ ಬಾಗಿಲು ಹಾಕಿರೆ, ಒಂಬತ್ತೂವರೆ ಆದರೂ ಇಳಿವಲೆ ಇಲ್ಲೆ. ಆನು ಕೊದಿಲು ಎರಡು ಸರ್ತಿ ಬೆಶಿ ಮಾಡಿ, ಮೂರನೇ ಸರ್ತಿಗೆ ಪರಂಚುಲೆ ಹೇಳಿಯೇ ಮೆಟ್ಳು ಹತ್ತಿದೆ.

"ಅಮ್ಮಾ, ಐದು ನಿಮಿಷ. ಎನ್ನ ಕಮೆಂಟು ಈಗ ಬಪ್ಪದು" ಹೇಳಿತ್ತು.

ಕಮೆಂಟು ಹೇಳಿಯಪ್ಪಗ ಫೇಸ್‌ಬುಕ್ಕಿಂದಾಯಿಕ್ಕು ಹೇಳಿ ಆನು ಬಾಗಿಲ ಕರೆಲಿ ನಿಂದು ಕೇಳಿದೆ. ಒಬ್ಬ° ಇಂಗ್ಲೀಷಿಲ್ಲಿ ಒಂದು ನಂಬ್ರ ಹೇಳುದು, ಪುಟ ಹೇಳುದು, ಗೆರೆ ಹೇಳುದು, ಮತ್ತೆ ಎಲ್ಲೋರೂ ಸೇರಿ ಒಂದೇ ಒಂದು ವಾಕ್ಯದ ಮೇಲೆ ಚರ್ಚೆ. ಎಂಗಳ ದೇವಸ್ಥಾನದ ಲೆಕ್ಕಪತ್ರ ಓದುವಗಳೂ ಇಷ್ಟು ಗೆರೆ ಗೆರೆ ಹಿಡುದು ಆರೂ ಕೇಳ್ತವಿಲ್ಲೆ.

ಉಂಬಲೆ ಕೂದಪ್ಪಗ "ಎಂತರ ಅದು?" ಕೇಳಿದೆ. ಆನು ಓದಿದ್ದು ಪಿ.ಯು.ಸಿ., ಅದುದೆ ಆರ್ಟ್ಸು. ಮಗಳು ಹೇಳಿದ್ದರಲ್ಲಿ ಎನಗೆ ಅರ್ಥ ಆದಷ್ಟರ ಬರೆತ್ತೆ, ಹೆಚ್ಚು ಕಮ್ಮಿ ಆದರೆ ನಿಂಗಳ ಮನೆಯ ಇಂಜಿನಿಯರು ಮಕ್ಕಳ ಹತ್ರೆ ಕೇಳಿಗೊಳ್ಳಿ.

ವೈಫೈಗೆ ಒಂದು ನಿಯಮದ ಪುಸ್ತಕ ಇದ್ದಡ. ಐ ಟ್ರಿಪಲ್ ಇ ಹೇಳ್ತ ಇಂಜಿನಿಯರಕ್ಕಳ ಸಂಸ್ಥೆ ಮಾಡುದು, ಅದರ ನಂಬ್ರ 802.11. ಸುರೂವಾಣ ಪುಸ್ತಕ ಬಂದದು 1997ರಲ್ಲಿ. ಮತ್ತೆ ಸೇರ್ಸಿ, ತಿದ್ದಿ, ಈಗ ಪೇಟೆಲಿ ವೈಫೈ 7 ಹೇಳಿ ಸಿಕ್ಕುತ್ತನ್ನೆ, ಅದರ ನಿಯಮಕ್ಕೆ ಒಪ್ಪಿಗೆ ಆದ್ದು 2024ರಲ್ಲಿ. ಅದರ ನಂತ್ರಾಣದ್ದು 802.11ಬಿಎನ್. ಅದರ ಕರಡು ಈಗ ತಯಾರಾವುತ್ತಾ ಇಪ್ಪದು, ಮಗಳ ಕೆಲಸ ಅದರಲ್ಲಿ. ಎಂಗಳ ಚಾವಡಿಲಿ ಎನ್ನ ಫೋನು ಒಂದು ಕಂಪೆನಿದು, ರೂಟರು ಇನ್ನೊಂದರದ್ದು, ಟಿವಿ ಮತ್ತೊಂದರದ್ದು. ಇಷ್ಟೂ ಒಂದಕ್ಕೊಂದು ಮಾತಾಡುದು ಎಲ್ಲ ಕಂಪೆನಿಗಳೂ ಅದೇ ಒಂದು ಪುಸ್ತಕವ ಓದಿ ಮಾಡಿದ ಕಾರಣ.

ಹಾಂಗಾಗಿ ಆ ಪುಸ್ತಕಲ್ಲಿ ಒಂದು ವಾಕ್ಯಕ್ಕೆ ಎರಡು ಅರ್ಥ ಬಪ್ಪಲಾಗ. ಮೆಡಿ ಉಪ್ಪಿನಕಾಯಿಗೆ "ಉಪ್ಪು ಹದಾಕೆ ಹಾಕೆಕ್ಕು" ಹೇಳಿ ಅತ್ತೆ ಹೇಳುಗು. ಅತ್ತೆಯ ಹದ ಬೇರೆ, ಎನ್ನ ಹದ ಬೇರೆ, ಎನ್ನ ತಂಗೆ ಹದ ನೋಡದ್ದೆ ಒಂದು ವರ್ಷ ಇಡೀ ಭರಣಿಯ ತೋಟಕ್ಕೆ ಚೆಲ್ಲಿದ್ದು. ಹದ ಹೇಳ್ತ ಶಬ್ದ ಆ ಪುಸ್ತಕಲ್ಲಿ ನಡೆಯ. ಇಂಗ್ಲೀಷಿನ ಶಲ್, ಶುಡ್, ಮೇ ಹೇಳ್ತ ಮೂರು ಶಬ್ದಂಗೊಕ್ಕೆ ಅಲ್ಲಿ ತೂಕ ಬೇರೆ ಬೇರೆ ಅಡ. ಶಲ್ ಹೇಳಿರೆ "ಮಾಡೆಕ್ಕು", ಮಾಡದ್ರೆ ನಿನ್ನ ಪೆಟ್ಟಿಗೆ ನಿಯಮಕ್ಕೆ ಸೇರಿದ್ದೇ ಅಲ್ಲ. ಶುಡ್ ಹೇಳಿರೆ "ಮಾಡಿರೆ ಒಳ್ಳೆದು". ಮೇ ಹೇಳಿರೆ "ಮಾಡ್ಲಕ್ಕು", ಬಿಟ್ಟರೂ ಅಕ್ಕು. ಒಂದು ಶಬ್ದ ಆಚೀಚೆ ಆದರೆ ಒಂದು ಗಂಟೆ ಚರ್ಚೆ ಅಪ್ಪದು ಎಂತಕೆ ಹೇಳಿ ಅಂಬಗ ಗೊಂತಾತು.

ಕರಡು ತಯಾರಾದ ಮೇಲೆ ಅದರ ಓಟಿಂಗೆ ಹಾಕುತ್ತವು, ಕಮ್ಮಿಲಿ 30 ದಿನ ಸಮಯ ಕೊಟ್ಟು. ಓಟು ಕಂಪೆನಿಯ ಹೆಸರಿಲ್ಲಿ ಅಲ್ಲ, ಜೆನಂಗಳ ಹೆಸರಿಲ್ಲಿ. ಮೀಟಿಂಗಿಂಗೆ ಸರಿಯಾಗಿ ಹಾಜರಿ ಹಾಕಿ ಹಾಕಿಯೇ ಆ ಹಕ್ಕು ಸಂಪಾದ್ಸೆಕ್ಕು. ಅಕ್ಕು ಹೇಳ್ಲಕ್ಕು, ಆಗ ಹೇಳ್ಲಕ್ಕು, ಎನ್ನದೆಂತ ಇಲ್ಲೆ ಹೇಳಿಯೂ ಹೇಳ್ಲಕ್ಕು. ಆದರೆ ಆಗ ಹೇಳ್ತರೆ ಬರೇ ಆಗ ಹೇಳಿರೆ ಸಾಲ. ಏವ ಪುಟ, ಏವ ಗೆರೆ, ಎಂತ ತಪ್ಪು, ಹೇಂಗೆ ತಿದ್ದಿರೆ ನಿನಗೆ ಒಪ್ಪಿಗೆ, ಇಷ್ಟೂ ಬರೆಯೆಕ್ಕು.

ಇದು ಎನಗೆ ಭಾರೀ ಮೆಚ್ಚಿತ್ತು. ನಮ್ಮ ಜೆಂಬ್ರಂಗಳಲ್ಲಿ "ಪಾಯಸ ಎಂತೋ ಅಷ್ಟು ಆಯಿದಿಲ್ಲೆ" ಹೇಳಿಕ್ಕಿ ಕೈ ತೊಳವಲೆ ಹೋಪವು ಎಷ್ಟು ಜೆನ ಇದ್ದವು! ಎಂತ ಹೆಚ್ಚಾತು, ಎಂತ ಕಮ್ಮಿ ಆತು ಕೇಳಿರೆ "ಎಂತದೋಪ" ಹೇಳುಗು. ಅಂಥ ಕಮೆಂಟಿಂಗೆ ಅಡಿಗೆಯವ° ಎಂತ ಮಾಡುದು?

ಹಾಂಗೆ ಬಂದ ಒಂದೊಂದು ಕಮೆಂಟಿಂಗೂ ನಂಬ್ರ ಹಾಕಿ, ಎಕ್ಸೆಲ್ ಶೀಟಿಲ್ಲಿ ಸಾಲಾಗಿ ಮಡುಗುತ್ತವು. ಅಕ್ಷರ ತಪ್ಪಿನದ್ದು ಬೇರೆ, ವಿಷಯದ್ದು ಬೇರೆ. ಸಾವಿರಗಟ್ಲೆ ಬತ್ತಡ. ವೈಫೈ 6ರ ಸುರೂವಾಣ ಕರಡಿಂಗೆ ಏಳು ಸಾವಿರಂದ ಹೆಚ್ಚು ಬಂದಿತ್ತಡ. ನೂರಕ್ಕೆ 75 ಜೆನ ಅಕ್ಕು ಹೇಳದ್ರೆ ಕರಡು ಪಾಸಿಲ್ಲೆ. ಅದರ ಸುರೂವಾಣ ಕರಡು ಸೋತತ್ತು, ಎರಡನೇದೂ ಸೋತತ್ತು, ಮೂರನೇದು 2018ರಲ್ಲಿ ಪಾಸಾತು, ಅಖೇರಿ ಒಪ್ಪಿಗೆ ಅಪ್ಪಗ 2021. ಒಂದು ಮನೆ ಕಟ್ಟುಸಿ ಎರಡು ಮದುವೆ ಮಾಡುಸುಲೆ ಅಕ್ಕು ಅಷ್ಟು ಸಮಯಲ್ಲಿ.

ಆ ಕಮೆಂಟುಗಳ ವಿಷಯ ಗೊಂತಿಪ್ಪವು ಪಾಲು ಮಾಡಿಗೊಳ್ತವು. ಮಗಳ ಪಾಲಿಂಗೆ ನಲುವತ್ತೇಳು ಇತ್ತು. ಒಂದೊಂದಕ್ಕೂ ಮೂರರಲ್ಲಿ ಒಂದು ಉತ್ತರ ಬರೆಯೆಕ್ಕು. ಒಪ್ಪಿದ್ದು ಹೇಳಿರೆ, ಅವು ಹೇಳಿದ ಹಾಂಗೇ, ಒಂದು ಅಕ್ಷರ ಬದಲದ್ದೆ ತಿದ್ದುದು. ಬದಲ್ಸಿ ಒಪ್ಪಿದ್ದು ಹೇಳಿರೆ, ನೀನು ಹೇಳಿದ ಕುಂದು ಅಪ್ಪು, ಆದರೆ ತಿದ್ದುದು ಹೀಂಗೆ ಹೇಳಿ ತೋರ್ಸುದು. ಮೂರನೇದು, ಒಪ್ಪಿದ್ದಿಲ್ಲೆ. ಒಪ್ಪಿದ್ದಿಲ್ಲೆ ಹೇಳ್ತರೂ ಎಂತಕೆ ಹೇಳಿ ಕಾರಣ ಬರೆಯೆಕ್ಕು. ಕಾರಣ ಇಲ್ಲದ್ದೆ ಯೇವ ಕಮೆಂಟನ್ನೂ ಕರೆಂಗೆ ಹಾಕುಲಾಗ, ಕಮೆಂಟು ಬರದವು ಆರೇ ಆಗಿರಲಿ.

ಆ ಇರುಳು ಆನು ಮೆಟ್ಳು ಹತ್ತಿ ಬಪ್ಪಗ ಚರ್ಚೆ ಆಗಿಂಡಿದ್ದದು ಮಗಳೇ ಬರದ ಒಂದು ಪ್ಯಾರಾದ ಮೇಲೆ. ಫೋನಿನ ಬ್ಯಾಟರಿ ಒಳಿವಲೆ ಫೋನಿನ ರೇಡಿಯೋ ಅಂಬಗಂಬಗ ರಜ ಒರಗುತ್ತಡ, ಆ ವಿಷಯ. ತಿಂಗಳುಗಟ್ಲೆ ಕೂದು ಬರದ್ದದು. ಅದಕ್ಕೆ ದೂರಲ್ಲಿಪ್ಪ ಆರೋ ಒಬ್ಬರು, ಬೇರೆ ಕಂಪೆನಿಯವು, "ಇದು ಪೂರ್ತಿ ಇಲ್ಲೆ, ಇಡೀ ಪ್ಯಾರಾ ತೆಗೆಯೆಕ್ಕು" ಹೇಳಿ ಬರದ್ದವು.

ಎನಗೆ ಪಿಸುರು ಬಂತು. "ಅವಕ್ಕೆಂತ ಗೊಂತಿದ್ದು? ಬೇರೆ ಕಂಪೆನಿಯವಲ್ಲದೋ, ಹೊಟ್ಟೆಕಿಚ್ಚು" ಹೇಳಿದೆ.

ಮಗಳು ಅಶನ ಕಲಸಿಗೊಂಡೇ ಹೇಳಿತ್ತು, "ಅಲ್ಲಮ್ಮ, ಅವು ಹೇಳಿದ್ದು ಸರಿ ಇದ್ದು. ಮಜ್ಜಾನ ಉಂಡಿಕ್ಕಿ ನೀನು ಒರಗುತ್ತೆ. ಅಷ್ಟಪ್ಪಗ ಪೋಸ್ಟಿನವ° ಬಂದರೆ ಕಾಗದವ ಅಪ್ಪ ನೀನು ಏಳುವನ್ನಾರ ಹಿಡುಕ್ಕೊಂಡು ನಿಂಬದಾ, ಮೇಜಿಲಿ ಮಡುಗುದಾ, ಅಲ್ಲ ನಾಳೆ ಬಾ ಹೇಳುದಾ? ಫೋನು ಒರಗುಲಕ್ಕು ಹೇಳಿ ಆನು ಬರದ್ದೆ. ಅಷ್ಟಪ್ಪಗ ಬಂದ ಕಾಗದವ ರೂಟರು ಎಂತ ಮಾಡೆಕ್ಕು ಹೇಳಿ ಬರವಲೆ ಬಿಟ್ಟು ಹೋಯಿದು."

ಪ್ಯಾರಾ ತೆಗದ್ದಿಲ್ಲೆ, ಎರಡು ವಾಕ್ಯ ಸೇರ್ಸಿತ್ತು. ಬದಲ್ಸಿ ಒಪ್ಪಿದ್ದು. ಕಮೆಂಟು ಬರದವಕ್ಕೆ ಅಲ್ಲಿ ಉದಿಯಪ್ಪಗಾಣ ಹತ್ತು ಗಂಟೆ ಹೊತ್ತು, ಥ್ಯಾಂಕ್ಸ್ ಹೇಳಿದವಡ. ನಾಲ್ಕು ನಿಮಿಷಲ್ಲಿ ಮುಗುದತ್ತು. ಎನ್ನ ಪಿಸುರು ಇಳಿವಲೆ ಅದರಿಂದ ಹೆಚ್ಚು ಹೊತ್ತು ಬೇಕಾತು, ಅದು ಬೇರೆ ವಿಷಯ.

ಮರುದಿನ ಇನ್ನೊಂದು ಕಮೆಂಟು ಮುಕ್ಕಾಲು ಗಂಟೆ ತೆಕ್ಕೊಂಡತ್ತು. ಒಪ್ಪಿದ್ದಿಲ್ಲೆ ಹೇಳಿ ಕಾರಣ ಬರದವು. ಕಮೆಂಟಿನವಕ್ಕೆ ಅದು ಮೆಚ್ಚಿದ್ದಿಲ್ಲೆ. ಅಂಬಗ ಎಂತ ಮಾಡುದು ಕೇಳಿದೆ. ಅವರ "ಆಗ" ಹಾಂಗೇ ಒಳಿತ್ತಡ. ತಿದ್ದಿದ ಕರಡು ಪುನಾ ಓಟಿಂಗೆ ಹೋಪಗ, ಒಪ್ಪದ್ದ ಆ ಕಮೆಂಟುದೆ ಅದಕ್ಕೆ ಕೊಟ್ಟ ಕಾರಣವೂ ಒಟ್ಟಿಂಗೇ ಹೋವುತ್ತು, ಎಲ್ಲೋರೂ ಓದುಲೆ. ಸೋತವರ ಮಾತನ್ನೂ ಒರಸಿ ಹಾಕುತ್ತವಿಲ್ಲೆ.

ಇದರ ಕೇಳಿಕ್ಕಿ ಎನಗೆ ಆ ಇರುಳು ಒರಕ್ಕು ಬಯಿಂದಿಲ್ಲೆ.

ಇಪ್ಪತ್ತಮೂರು ವರ್ಷ ಹಿಂದೆ ಈ ಮನೆ ಕಟ್ಟುವಗ ಆನು ಒಂದೇ ಒಂದು ವಿಷಯ ಹೇಳಿದ್ದದು. ಅಟ್ಟುಂಬೊಳಲ್ಲಿ ಪಾತ್ರೆ ತೊಳವ ಹೊಡೆಲಿ ಕಿಟಿಕಿ ದೊಡ್ಡ ಬೇಕು, ಅಲ್ಲಿ ಕಸ್ತಲೆ. ಮಾವ ಇತ್ತಿದ್ದವು, ಇವು ಇತ್ತಿದ್ದವು, ಮೇಸ್ತ್ರಿಯೂ ಇತ್ತಿದ್ದ°. "ನೋಡುವ°" ಹೇಳಿದವು. ಒಕ್ಕಲಿನ ದಿನ ನೋಡಿರೆ ಕಿಟಿಕಿ ಇಷ್ಟೇ ಇಷ್ಟು. ಆರೂ ಬೇಡ ಹೇಳಿದ್ದವಿಲ್ಲೆ, ಅಕ್ಕು ಹೇಳಿಯೂ ಹೇಳಿದ್ದವಿಲ್ಲೆ. ಅಂದಿಂದ ಇಂದಿನವರೆಗೆ ಮಟ ಮಟ ಮಧ್ಯಾಹ್ನವೂ ಲೈಟು ಹಾಕಿಯೇ ಪಾತ್ರೆ ತೊಳವದು. ಕರೆಂಟು ಹೋದರೆ, ಆಟಿಲಿ ಹೋಗದ್ದೆ ಒಳಿತ್ತೋ, ಕೈಲಿ ಮುಟ್ಟಿ ನೋಡಿ ತೊಳವದು. ಕಿಟಿಕಿಯ ಬೇಜಾರು ಎಷ್ಟು, ಉತ್ತರ ಸಿಕ್ಕದ್ದ ಬೇಜಾರು ಎಷ್ಟು ಹೇಳಿ ಆ ಇರುಳೇ ಆನು ಬೇರೆ ಬೇರೆ ಮಾಡಿ ನೋಡಿದ್ದು.

ಹೀಂಗೆ ಲೆಕ್ಕ ಹಾಕುವಗ ಅತ್ತೆಯ ನೆಂಪಾತು. ಅಖೇರಿಯಾಣ ವರ್ಷ ಅವಕ್ಕೆ ಹಲ್ಲು ಇತ್ತಿಲ್ಲೆ. "ಅಶನ ರಜ ಗಟ್ಟಿ ಆತೋ ಹೇಳಿ" ಹೇಳುಗು, ಕೇಳಿದ ಹಾಂಗೆ, ಎನ್ನ ಮೋರೆ ನೋಡದ್ದೆ. ಇವಕ್ಕೂ ಮಕ್ಕೊಗೂ ಅಶನ ಉದುರುದುರು ಬೇಕು. ಆನು ಕೇಳಿದರೂ ಕೇಳದ್ದ ಹಾಂಗೆ ಸಾರಿನ ಸೌಟು ಹಿಡುಕ್ಕೊಂಡು ಒಳ ಹೋಯ್ಕೊಂಡಿತ್ತಿದ್ದೆ. ಅವು ಮಜ್ಜಿಗೆ ಎರಕ್ಕೊಂಡು ಹಿಚುಕಿ ಹಿಚುಕಿ ಉಂಗು. ಒಂದು ಕುಡ್ತೆ ಅಕ್ಕಿ ಬೇರೆ ಬೇಶುಲೆ ಎನಗೆ ಎಡಿತ್ತಿತ್ತು. ಎಡಿಯ ಅತ್ತೆ, ಕೆಲಸ ಹೆಚ್ಚಾವುತ್ತು ಹೇಳ್ಲೂ ಎಡಿತ್ತಿತ್ತು. ಎರಡೂ ಮಾಡಿದ್ದಿಲ್ಲೆ.

ಅತ್ತೆಯ ಕತೆಯ ಮಗಳತ್ರೆ ಹೇಳಿದ್ದಿಲ್ಲೆ, ಕಿಟಿಕಿಯ ಕತೆ ಹೇಳಿದೆ. ಅದು ನೆಗೆ ಮಾಡಿಗೊಂಡು ಹಳೇ ಕ್ಯಾಲೆಂಡರಿನ ಹಿಂದಾಣ ಹೊಡೆಲಿ ಗೆರೆ ಎಳದತ್ತು. ಕಮೆಂಟು ನಂಬ್ರ 1. ಜಾಗೆ: ಅಟ್ಟುಂಬೊಳ, ಪಡು ಗೋಡೆ. ಕುಂದು: ಕಸ್ತಲೆ. ತಿದ್ದೆಕ್ಕಾದ್ದು: ಕಿಟಿಕಿ ದೊಡ್ಡ ಮಾಡುದು. ಉತ್ತರ: ಖಾಲಿ. ಫ್ರಿಜ್ಜಿಂಗೆ ಅಂಟುಸಿಕ್ಕಿ ಬೆಂಗ್ಳೂರಿನ ಬಸ್ಸು ಹತ್ತಿತ್ತು.

ಇವು ಮೂರು ದಿನ ಅದರ ಎದುರೇ ಹೋದವು, ಬಂದವು. ನಾಲ್ಕನೇ ದಿನ ಉದಿಯಪ್ಪಗ ತೆಳ್ಳವು ಎರವಲೆ ಹಿಟ್ಟು ತೆಗವಗ ನೋಡ್ತೆ, ನೀಲಿ ಪೆನ್ನಿಲ್ಲಿ ಬರದ್ದವು. "ಒಪ್ಪಿದ್ದಿಲ್ಲೆ. ಮಾಡಿನ ಭಾರ ಇಡೀ ಆ ಗೋಡೆಯ ಮೇಲೆ. ಕಿಟಿಕಿ ದೊಡ್ಡ ಮಾಡಿರೆ ಗೋಡೆ ಬಿರಿಗು ಹೇಳಿ ಮೇಸ್ತ್ರಿ ಅಂದೇ ಹೇಳಿತ್ತಿದ್ದ°. ನಿನ್ನತ್ರೆ ಹೇಳ್ಲೆ ಬಿಟ್ಟು ಹೋತು."

ಅದರ ಅಡಿಲಿ ರಜ ಜಾಗೆ ಬಿಟ್ಟು ಇನ್ನೊಂದು ಗೆರೆ: "ಪಾತ್ರೆ ತೊಳವಲ್ಲಿ ಮೇಲೆ ಎರಡು ಕನ್ನಾಟಿ ಹಂಚು ಹಾಕುಸಲಕ್ಕು."

ಆನು ಹಿಟ್ಟಿನ ಕೈ ತೊಳದು, ಪೆನ್ನು ಹುಡ್ಕಿ, "ಹಾಕುಸಲಕ್ಕು" ಹೇಳಿ ಇದ್ದದರ ಹೊಡದು "ಹಾಕುಸೆಕ್ಕು" ಹೇಳಿ ಬರದೆ. ದಸರ ಕಳುದು ಒಂದು ವಾರಕ್ಕೆ ಪುತ್ತೂರಿಂದ ಹಂಚು ಬಂತು.