ಕೀಲೆಣ್ಣೆಯ ಬಿಸಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಹೋದವರಿಗೆ ಬಿಸಿಲಿನ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವ ದಿನಗಳು ಅಲ್ಲಿ ಅಪರೂಪವಲ್ಲ. ಎರೆಯ ಭೂಮಿ ಬಾಯಿಬಿಟ್ಟು ನಿಲ್ಲುವ ಈ ಕಾಲದಲ್ಲಿಯೇ ಇಂಡಿಯ ಲಿಂಬೆಯ ತೋಟಗಳಿಗೆ ನೀರು ಬೇಕು. 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಈ ಲಿಂಬೆ ಒಂದು ವರ್ಷದ ಬೆಳೆಯಲ್ಲ. ಜೋಳ ಒಣಗಿದರೆ ಬರುವ ಹಿಂಗಾರಿಗೆ ಮತ್ತೆ ಬಿತ್ತಬಹುದು. ಲಿಂಬೆಯ ಗಿಡ ಒಣಗಿದರೆ ಮತ್ತೆ ಫಲ ಕಾಣಲು ಹಲವು ವರ್ಷ ಕಾಯಬೇಕು. ಅಂತಹ ಹೊತ್ತಿನಲ್ಲಿ ಬಾವಿಯ ದಂಡೆಯ ಮೇಲಿನ ಡೀಸೆಲ್ ಎಂಜಿನು ಸದ್ದಡಗಿಸಿ ನಿಂತರೆ ರೈತನಿಗೆ ಊಟ ಸೇರುವುದಿಲ್ಲ.

ಈ ಎಂಜಿನುಗಳಿಗೂ ಕನ್ನಡ ನೆಲಕ್ಕೂ ಹಳೆಯ ನಂಟಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನಿಂದ ಕಾರ್ಖಾನೆಯ ಕೆಲಸಕ್ಕೆ ತೊಡಗಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನುಗಳ ಕಾರ್ಖಾನೆಯನ್ನು ಸ್ಥಾಪಿಸಿದರು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದು, ಕಾಲುವೆಯೂ ವಿದ್ಯುತ್ತೂ ಹೊಲಗಳಿಗೆ ಬರತೊಡಗಿದ ಮೇಲೆ ಎಂಜಿನಿನ ಮೇಲಿನ ಭಾರ ಇಳಿಯಿತು. ಆದರೂ ತಂತಿಯ ನಂಬಿಕೆ ತಪ್ಪಿದ ದಿನ ಮೂಲೆಯಲ್ಲಿದ್ದ ಎಂಜಿನನ್ನೇ ನೆನೆಯಬೇಕಾಗುತ್ತದೆ.

ಎಂಜಿನು ಉರಿಸಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ದುಡಿಮೆಯಾಗುತ್ತದೆ. ಉಳಿದುದು ಹೊಗೆಯೊಡನೆಯೂ ಕಬ್ಬಿಣದ ಮೈಯ ಮೂಲಕವೂ ಹೊರಗೆ ಹೋಗಲೇಬೇಕು. ಕೆಲವು ಎಂಜಿನುಗಳಲ್ಲಿ ಆ ಶಾಖವನ್ನು ನೀರು ಒಯ್ಯುತ್ತದೆ. ಆದರೆ ನೀರೇ ದುರ್ಲಭವಾದ ಸೀಮೆಯಲ್ಲಿ, ಇದ್ದ ನೀರೂ ಸವುಳಾಗಿದ್ದು ಎಂಜಿನಿನ ಒಳಗೋಡೆಗೆ ಸುಣ್ಣದ ಪೊರೆ ಕಟ್ಟುವಂತಿದ್ದರೆ, ಗಾಳಿಯಿಂದ ತಣಿಯುವ ಎಂಜಿನೇ ಅನುಕೂಲವೆನಿಸುತ್ತದೆ. ಅದರ ಮೈಗೆ ಸುತ್ತಲೂ ತೆಳುವಾದ ಪದರು ಪದರಾದ ರೆಕ್ಕೆಗಳಿರುತ್ತವೆ. ಬೀಸಣಿಗೆಯೊಂದು ಅವುಗಳ ನಡುವೆ ಗಾಳಿಯನ್ನು ನೂಕುತ್ತದೆ. ಗಾಳಿಗೆ ಬೆಲೆಯಿಲ್ಲ, ಅದು ಸೋರುವುದಿಲ್ಲ. ಆದರೆ 42 ಡಿಗ್ರಿಯ ಗಾಳಿಯನ್ನು ತಂಗಾಳಿಯೆನ್ನಲು ಯಾರಿಗೂ ಬಾಯಿ ಬಾರದು.

ಗಾಳಿ ಮುಟ್ಟಲಾರದ ಕಡೆಗಳಲ್ಲಿ ಕೀಲೆಣ್ಣೆ ಮುಟ್ಟುತ್ತದೆ. ಪಿಸ್ಟನ್ನಿನ ಅಡಿ, ಬೇರಿಂಗುಗಳ ಸಂದು, ಒಳಗಿನ ಹಲ್ಲುಚಕ್ರ, ಇವೆಲ್ಲವುಗಳ ಬಿಸಿಯನ್ನು ಹೊತ್ತು ತಂದು ಅದು ತಳದ ತೊಟ್ಟಿಗೆ ಇಳಿಸುತ್ತದೆ. ಜಾರಿಸುವುದು ಮಾತ್ರ ಎಣ್ಣೆಯ ಕೆಲಸವೆಂದು ತಿಳಿಯುವುದು ಅರ್ಧ ತಿಳಿವಳಿಕೆ. ಗಾಳಿಯಿಂದ ತಣಿಯುವ ಎಂಜಿನಿನಲ್ಲಿ ಎಣ್ಣೆಯೇ ನೀರಿನ ಪಾಲಿನ ಚಾಕರಿಯನ್ನೂ ಮಾಡುತ್ತದೆ. ಆದರೆ ಕಾದಷ್ಟೂ ಎಣ್ಣೆ ತೆಳ್ಳಗಾಗುತ್ತದೆ. 40 ಡಿಗ್ರಿಯಲ್ಲಿದ್ದ ಅದರ ಮಂದತ್ವ 100 ಡಿಗ್ರಿಗೆ ಏರುವ ವೇಳೆಗೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಇನ್ನೂ ಕಾದರೆ ಎರಡು ಲೋಹಗಳ ನಡುವಿನ ಎಣ್ಣೆಯ ಪೊರೆ ಹರಿದು, ಲೋಹ ಲೋಹವನ್ನು ತಿನ್ನತೊಡಗುತ್ತದೆ. ಸಾಲದುದಕ್ಕೆ, ಬಿಸಿ ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ಲೆಕ್ಕ.

ಇದೇ ಸಮಸ್ಯೆಯನ್ನು ಲೋಕಪ್ರಸಿದ್ಧವಾದ ಒಂದು ಕಾರೂ ಎದುರಿಸಿತು. ಜರ್ಮನಿಯಲ್ಲಿ 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆ ರೂಪಿಸಿದ ಫೋಕ್ಸ್‌ವ್ಯಾಗನ್ ಬೀಟಲ್ 2003ರವರೆಗೆ ತಯಾರಾಯಿತು. ಎರಡು ಕೋಟಿಗೂ ಮಿಕ್ಕಿ ಕಾರುಗಳು ಹೊರಬಂದವು. ಬೆನ್ನಿಗೆ ಎಂಜಿನನ್ನು ಕಟ್ಟಿಕೊಂಡ ಈ ಕಾರಿನಲ್ಲಿ ತಣಿಸುವ ನೀರಿಲ್ಲ. ಇದ್ದುದು ಎರಡೂವರೆ ಲೀಟರಿನಷ್ಟು ಎಣ್ಣೆ ಮತ್ತು ಒಂದು ಬೀಸಣಿಗೆ. ಎಣ್ಣೆಯನ್ನು ತಣಿಸುವ ಪುಟ್ಟ ಪೆಟ್ಟಿಗೆಯನ್ನು ಮೊದಲು ಬೀಸಣಿಗೆಯ ಗಾಳಿಯ ದಾರಿಯಲ್ಲಿಯೇ ನಿಲ್ಲಿಸಿದ್ದರು. ಇದರಿಂದ ಎಣ್ಣೆ ತಣಿಯಿತು, ನಿಜ. ಆದರೆ ಅದರ ಹಿಂದಿದ್ದ ಮೂರನೆಯ ಸಿಲಿಂಡರಿಗೆ ಬಂದುದು ಆಗಲೇ ಬಿಸಿಯಾದ ಗಾಳಿ. ಆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಲು 1971ರ ಮಾದರಿ ಬರಬೇಕಾಯಿತು.

ವಿಚಿತ್ರವೆಂದರೆ ಇಷ್ಟೆಲ್ಲ ಎಣ್ಣೆಯನ್ನೇ ನಂಬಿದ ಆ ಕಾರಿನಲ್ಲಿ ಎಣ್ಣೆಯ ಬಿಸಿಯನ್ನು ತೋರಿಸುವ ಮಾಪಕವನ್ನು ಕಾರ್ಖಾನೆಯವರು ಇಡಲಿಲ್ಲ. ಒತ್ತಡ ಕುಸಿದರೆ ಹೊತ್ತುವ ಒಂದು ದೀಪ, ಡೈನಮೋ ನಿಂತರೆ ಹೊತ್ತುವ ಇನ್ನೊಂದು ದೀಪ, ಇಷ್ಟೇ. ಡೈನಮೋವನ್ನೂ ಬೀಸಣಿಗೆಯನ್ನೂ ತಿರುಗಿಸುವ ಪಟ್ಟಿ ಒಂದೇ ಆದುದರಿಂದ, ಆ ಎರಡನೆಯ ದೀಪ ಬೆಳಗಿದರೆ ಗಾಳಿಯೂ ನಿಂತಿದೆಯೆಂದು ಅರಿತವರು ಒಡನೆಯೇ ಕಾರನ್ನು ನಿಲ್ಲಿಸುತ್ತಿದ್ದರು. ಅರಿಯದವರು ಬ್ಯಾಟರಿಯ ತಂಟೆಯೆಂದುಕೊಂಡು ಮುಂದೆ ಹೋಗಿ ಎಂಜಿನನ್ನೇ ಸುಟ್ಟುಕೊಳ್ಳುತ್ತಿದ್ದರು. ಹಳೆಯ ಬೀಟಲನ್ನು ಪ್ರೀತಿಯಿಂದ ಕಾಪಾಡುವ ಇಂದಿನವರು ಎಣ್ಣೆಯ ಮಟ್ಟ ನೋಡುವ ಕಡ್ಡಿಯ ಜಾಗದಲ್ಲಿ ಉಷ್ಣಮಾಪಕವನ್ನು ಇಳಿಬಿಡುತ್ತಾರೆ. 80ರಿಂದ 110 ಡಿಗ್ರಿಯವರೆಗೆ ನೆಮ್ಮದಿ; 120ನ್ನು ದಾಟಿದರೆ ಎಚ್ಚರಿಕೆ. ಏರುದಾರಿಯಲ್ಲಿ ಮುಳ್ಳು ಮೇಲೇರಿದರೆ ಗೇರನ್ನು ಕೆಳಕ್ಕೆ ಇಳಿಸಬೇಕು. ಎಂಜಿನು ಬೇಗ ತಿರುಗಿದರೆ ಇನ್ನೂ ಕಾಯುವುದಲ್ಲವೆ ಎಂದು ಕೇಳಬಹುದು. ಬೀಸಣಿಗೆ ತಿರುಗುವುದು ಎಂಜಿನಿನಿಂದಲೇ. ಅದು ನಿಧಾನವಾಗಿ ಏದುತ್ತ ಹತ್ತಿದರೆ ಭಾರ ಹೆಚ್ಚು, ಗಾಳಿ ಕಡಿಮೆ.

ಎರೆಹೊಲದ ಎಂಜಿನಿಗೆ ಮಾಪಕ ಕಾಣಸಿಗುವುದು ಕಡಿಮೆ. ಅಲ್ಲಿ ಮಾಪಕ ರೈತನ ಅಂಗೈ. ಎತ್ತಿನ ಗಾಡಿಯ ಕಾಲದಲ್ಲಿ ದಾರಿಯ ನಡುವೆ ಇಳಿದು ಗಾಲಿಯ ಗುಂಬವನ್ನು ಮುಟ್ಟಿ, ಕೀಲೆಣ್ಣೆ ಆರಿದೆಯೋ ಇಲ್ಲವೋ ಎಂದು ತಿಳಿಯುತ್ತಿದ್ದ ಕೈಯೇ ಅದು. ಆದರೆ ಅಂಗೈ 60 ಡಿಗ್ರಿಯ ಸುಮಾರಿಗೇ ಹಿಂದೆಗೆಯುತ್ತದೆ. 90ಕ್ಕೂ 130ಕ್ಕೂ ಇರುವ ಭೇದ ಅದಕ್ಕೆ ತಿಳಿಯದು. ಆ ಭೇದದಲ್ಲಿಯೇ ಎಂಜಿನಿನ ಆಯುಷ್ಯವಿದೆ. ಎಣ್ಣೆ ನಿಧಾನವಾಗಿ ಕಾಯುವ ಪದಾರ್ಥವಾದುದರಿಂದ ಮೊದಲ ಕಾಲು ಗಂಟೆಯ ಸುಳಿವನ್ನು ನಂಬುವಂತೆಯೂ ಇಲ್ಲ.

ಕಳ್ಳಕಾಕರ ಭಯದಿಂದ ಎಂಜಿನನ್ನು ಕಿರುಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಓಡಿಸುವುದುಂಟು. ಆಗ ಅದು ತಾನು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹೊರಗೆ 42 ಡಿಗ್ರಿಯಿದ್ದರೆ ಒಳಗಿನ ಗಾಳಿ ಅದನ್ನು ಎಷ್ಟೋ ಮೀರುತ್ತದೆ. ರಾಶಿಯ ಕಾಲದಲ್ಲಿ ಕಣಕ್ಕೆ ಒಯ್ದರೆ ಜೋಳದ ಹೊಟ್ಟು, ಧೂಳು, ಸೋರಿದ ಎಣ್ಣೆ ಸೇರಿ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ಕಿಟಕಿ ತೆರೆದು, ರೆಕ್ಕೆಗಳನ್ನು ಕುಂಚದಿಂದ ತಿಕ್ಕಿ, ಎಣ್ಣೆಯ ಮಟ್ಟ ನೋಡುವುದಕ್ಕೆ ಹಿಡಿಯುವ ಹೊತ್ತು ಹೆಚ್ಚೇನೂ ಅಲ್ಲ. ಎಣ್ಣೆ ಕಡಿಮೆಯಿದ್ದಷ್ಟೂ ಇದ್ದ ಎಣ್ಣೆಗೆ ತಣಿಯಲು ಬಿಡುವು ಕಡಿಮೆ.

ನಿಲ್ಲಿಸುವಾಗಲೂ ಅವಸರ ಸಲ್ಲದು. ದುಡಿಯುತ್ತಿದ್ದ ಎಂಜಿನನ್ನು ತಟ್ಟನೆ ನಿಲ್ಲಿಸಿದರೆ ಬೀಸಣಿಗೆಯೂ ನಿಲ್ಲುತ್ತದೆ, ಎಣ್ಣೆಯ ಹರಿವೂ ನಿಲ್ಲುತ್ತದೆ. ಸಿಲಿಂಡರಿನ ತಲೆಯಲ್ಲಿ ಕೂಡಿದ ಶಾಖ ಮಾತ್ರ ಅಲ್ಲಿಯೇ ಉಳಿದು ಅಂಟಿದ ಎಣ್ಣೆಯನ್ನು ಕರಕಾಗಿಸುತ್ತದೆ. ಆದುದರಿಂದ ತಿಳಿದ ರೈತರು ಸಂಜೆ ಪಂಪಿನ ಭಾರ ತಪ್ಪಿಸಿ, ಮೂರು ನಾಲ್ಕು ನಿಮಿಷ ಎಂಜಿನನ್ನು ಮೆಲ್ಲಗೆ ಓಡಲು ಬಿಟ್ಟು, ಅಷ್ಟರಲ್ಲಿ ಕೊನೆಯ ಮಡಿಗೆ ಹೋಗಿ ನೀರು ಗಿಡದ ಬುಡ ಮುಟ್ಟಿತೋ ಎಂದು ನೋಡಿ ಬರುತ್ತಾರೆ.