ಸತ್ಯನಾರಾಯಣಪೇಟೆಯ ಅಂಗಳಗಳಲ್ಲಿ ಪಾತರಗಿತ್ತಿ

ಬಳ್ಳಾರಿಯೆಂದೊಡನೆ ಹೊರಗಿನವರ ಮನಸ್ಸಿಗೆ ಬರುವುದು ಕೋಟೆಯನ್ನು ಹೊತ್ತು ನಿಂತ ಬಂಡೆಗುಡ್ಡ, ನೆತ್ತಿ ಸುಡುವ ಬಿಸಿಲು ಮತ್ತು ಧೂಳು. ಬೇಸಗೆಯಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ಮೀರುವ, ವರ್ಷಕ್ಕೆ ಸುಮಾರು ೨೦ ಅಂಗುಲ ಮಾತ್ರ ಮಳೆ ಬೀಳುವ ಈ ಸೀಮೆಯಲ್ಲಿ ಹೂದೋಟವೆಲ್ಲಿ, ಪಾತರಗಿತ್ತಿಯೆಲ್ಲಿ ಎಂದು ಕೇಳುವವರುಂಟು. ಅಂಥವರು ಮಳೆಗಾಲ ಮುಗಿಯುತ್ತ ಬಂದಾಗ, ಎಳೆಬಿಸಿಲಿನ ಹೊತ್ತಿನಲ್ಲಿ ಇಲ್ಲಿಯ ಸತ್ಯನಾರಾಯಣಪೇಟೆಯ ಬೀದಿಗಳಲ್ಲಿ ನಮ್ಮೊಡನೆ ನಡೆದು ನೋಡಬೇಕು.

ಮನೆಯ ಮುಂದೆ ಎರಡು ಮೊಳ ಮಣ್ಣನ್ನು ಉಳಿಸಿಕೊಂಡಿರುವ ಗೃಹಸ್ಥರ ಅಂಗಳವು ದೂರದಿಂದಲೇ ತಿಳಿಯುತ್ತದೆ. ಅಲ್ಲೊಂದು ದಾಸವಾಳ, ತುಳಸಿಯ ಮಗ್ಗುಲಲ್ಲಿ ನಾಲ್ಕು ಕನಕಾಂಬರ, ಗೋಡೆಯ ಬದಿಗೆ ಕರಿಬೇವು. ಅವುಗಳ ಮೇಲೆ ಕಪ್ಪು ರೆಕ್ಕೆಗೆ ಹಳದಿ ಚುಕ್ಕೆಯಿಟ್ಟುಕೊಂಡ ಚಿಟ್ಟೆಯೊಂದು ಸುಳಿಯುತ್ತಿರುತ್ತದೆ. ನೆರೆಯ ಅಂಗಳಕ್ಕೆ ಪೂರ್ತಿಯಾಗಿ ಸಿಮೆಂಟು ಬಳಿದಿದ್ದರೆ ಅದೇ ಚಿಟ್ಟೆಯು ಅಲ್ಲಿ ಕ್ಷಣಮಾತ್ರವೂ ತಂಗದೆ ದಾಟಿಹೋಗುತ್ತದೆ.

ಪಾಶ್ಚಾತ್ಯರ ತೋಟಗಾರಿಕೆಯ ಪುಸ್ತಕಗಳನ್ನು ಓದಿದವರು, ಗಾಳಿಯಲ್ಲಿಯೇ ನಿಂತು ಮಧುವನ್ನು ಹೀರುವ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಯೂ ನಮ್ಮ ತೋಟಕ್ಕೆ ಬರಲೆಂದು ಆಶಿಸುವುದುಂಟು. ಅದು ಅಮೆರಿಕ ಖಂಡಗಳ ಹಕ್ಕಿ, ನಮ್ಮ ದೇಶದಲ್ಲಿಲ್ಲ. ಅದರ ಕೆಲಸವನ್ನು ಇಲ್ಲಿ ನೆರವೇರಿಸುವುದು ಸೂರಕ್ಕಿ. ಬಾಗಿದ ಕೊಕ್ಕಿನ ಈ ಹಕ್ಕಿಯು ಬಹುಮಟ್ಟಿಗೆ ರೆಂಬೆಯ ಮೇಲೆ ಕುಳಿತೇ ಮಧುವನ್ನು ಹೀರುತ್ತದೆ. ಹೂವು ದೊಡ್ಡದಾದರೆ ಅದರ ಬುಡವನ್ನೇ ಚುಚ್ಚುವುದೂ ಉಂಟು. ಇವುಗಳಲ್ಲಿ ಒಂದು ಜಾತಿಯ ಗಂಡು ಮರಿಮಾಡುವ ಕಾಲದಲ್ಲಿ ನೇರಳೆಗಪ್ಪು ಬಣ್ಣದಿಂದ ಥಳಥಳಿಸುತ್ತದೆ. ಹೆಣ್ಣಿಗೆ ಮೇಲೆ ಮಾಸಲು ಕಂದು, ಹೊಟ್ಟೆಯ ಬಳಿ ಹಳದಿ.

ಆದರೆ ಹೂವೊಂದನ್ನೇ ನೆಟ್ಟವರು ಚಿಟ್ಟೆಗೆ ಊಟವನ್ನಿಟ್ಟರೇ ಹೊರತು ತೊಟ್ಟಿಲನ್ನು ಕಟ್ಟಲಿಲ್ಲ. ಚಿಟ್ಟೆಯು ಮಧುವಿಗಾಗಿ ಹತ್ತು ಹೂವುಗಳಿಗೆ ಹೋದರೂ ಮೊಟ್ಟೆಯನ್ನು ತನ್ನ ಮರಿಹುಳುವು ತಿನ್ನಬಲ್ಲ ಗಿಡದ ಮೇಲೆ ಮಾತ್ರವೇ ಇಡುತ್ತದೆ. ಮೇಲೆ ಹೇಳಿದ ಹಳದಿ ಚುಕ್ಕೆಯ ಚಿಟ್ಟೆಗೆ ನಿಂಬೆ, ಕರಿಬೇವುಗಳ ಎಳೆಯ ಚಿಗುರೇ ಬೇಕು. ಅದರ ಹುಳುವು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ; ಬೆಳೆದ ಮೇಲೆ ಎಲೆಯಂತೆಯೇ ಹಸುರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ವಾಸನೆಯನ್ನು ಬೀರುತ್ತದೆ. ಇದು ಮೈತುರಿಸುವ ಕಂಬಳಿಹುಳುವಲ್ಲ, ಮಕ್ಕಳಿಗೆ ಅಪಾಯವಿಲ್ಲ. ಸುಮಾರು ಒಂದು ತಿಂಗಳೊಳಗಾಗಿ ಇದೇ ಹುಳುವು ರೆಕ್ಕೆ ಬಿಚ್ಚಿ ಹಾರುವುದು.

ಇಲ್ಲಿಯೇ ಗೃಹಿಣಿಯರಿಗೆ ಧರ್ಮಸಂಕಟ. ಒಗ್ಗರಣೆಗೆಂದು ಜೋಪಾನವಾಗಿ ಬೆಳೆಸಿದ ಕರಿಬೇವನ್ನು ಹುಳುವು ಬೋಳಿಸುತ್ತಿರುವಾಗ ಔಷಧಿಯನ್ನು ಸಿಂಪಡಿಸಬೇಕೆನ್ನಿಸುವುದು ಸಹಜ. ಎಳೆಯ ಗಿಡವು ಐದಾರು ಹುಳುಗಳ ಹಸಿವಿಗೆ ಸಾಲದೆಂಬುದೂ ನಿಜ. ಆದುದರಿಂದ ಒಂದರ ಬದಲು ಎರಡು ಗಿಡಗಳನ್ನು ನೆಡುವುದು ಲೇಸು: ಒಂದು ಅಡಿಗೆಗೆ, ಒಂದು ಅತಿಥಿಗೆ. ಅಡಿಗೆಯ ಗಿಡದಲ್ಲಿ ಹುಳು ಕಂಡರೆ ಎಲೆಸಹಿತ ಎತ್ತಿ ಇನ್ನೊಂದರ ಮೇಲೆ ಬಿಟ್ಟರಾಯಿತು. ವಿಷವನ್ನು ಸಿಂಪಡಿಸಿದರೆ ಚಿಟ್ಟೆಯೊಂದೇ ನಷ್ಟವಲ್ಲ. ಸೂರಕ್ಕಿಯು ಮರಿಗಳಿಗೆ ಉಣಿಸುವುದು ಹುಳು, ಜೇಡಗಳನ್ನು. ತೂಗುವ ಚೀಲದಂಥ ತನ್ನ ಗೂಡನ್ನು ಬಿಗಿಯುವುದೂ ಜೇಡರಬಲೆಯ ನೂಲಿನಿಂದಲೇ.

ಹಾಗೆಯೇ ಖಾಲಿ ನಿವೇಶನದ ಎಕ್ಕದ ಗಿಡವನ್ನು ಕಳೆಯೆಂದು ಕಡಿಯುವ ಮುನ್ನ ಒಮ್ಮೆ ಯೋಚಿಸಬೇಕು. ಆಂಜನೇಯನಿಗೆ ಹಾರವಾಗುವ ಎಕ್ಕವು ಕಿತ್ತಳೆ ಬಣ್ಣದ ಒಂದು ಚಿಟ್ಟೆಗೆ ತವರುಮನೆ. ಅದರ ಹುಳುವು ವಿಷದ ಹಾಲುಳ್ಳ ಎಲೆಯನ್ನೇ ತಿಂದು ಬೆಳೆಯುತ್ತದೆ. ಆ ವಿಷವು ಚಿಟ್ಟೆಯಾದ ಮೇಲೂ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಎಕ್ಕದ ಹಾಲು ಕಣ್ಣಿಗೆ ಬೀಳಬಾರದು. ಅದನ್ನು ಮಕ್ಕಳ ಕೈಗೆ ಸಿಗದೆಡೆಯಲ್ಲಿ ಬೆಳೆಯಗೊಡುವುದು ಕ್ಷೇಮ.

ನೀರಿಗೆ ಚಿಂತಿಸಬೇಕಾಗಿಲ್ಲ. ತುಂಗಭದ್ರೆಯ ನೀರಿನ ಬೆಲೆಯನ್ನರಿತ ಈ ಊರಿನವರಿಗೆ ಅಕ್ಕಿ ತೊಳೆದ ನೀರನ್ನು ಗಿಡಕ್ಕೆರೆಯಲು ಯಾರೂ ಕಲಿಸಬೇಕಿಲ್ಲ. ಬೇರೂರಿದ ಮೇಲೆ ನಿತ್ಯಪುಷ್ಪ, ಕರಿಬೇವುಗಳು ಅಲ್ಪ ನೀರಿನಲ್ಲಿಯೇ ಬದುಕುತ್ತವೆ. ನೆಡುವುದಕ್ಕೆ ಮಳೆಗಾಲದ ಆರಂಭವೇ ಸುಸಮಯ. ಗಿಡದ ಬುಡಕ್ಕೆ ಒಣಗಿದೆಲೆಯನ್ನು ಹೊದಿಸಿ, ಮೂಲೆಯಲ್ಲಿ ಅಂಗೈಯಗಲ ಮಣ್ಣನ್ನು ತೇವವಾಗಿಟ್ಟರೆ ಚಿಟ್ಟೆಗಳು ಅಲ್ಲಿಳಿದು ಮಣ್ಣಿನ ಲವಣವನ್ನು ಹೀರುವುವು. ದೇವರ ಪೂಜೆಗೆಂದು ಮುಂಜಾನೆಯೇ ಎಲ್ಲ ಹೂವುಗಳನ್ನೂ ಕೊಯ್ಯದೆ ಕೆಲವನ್ನು ಗಿಡದಲ್ಲಿಯೇ ಬಿಡಬೇಕು. ಅವೂ ದೇವರಿಗೇ ಸಲ್ಲುವುವೆಂದು ನಾವು ನಂಬುತ್ತೇವೆ.

ಪೇಟೆಯಲ್ಲಿ ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟಿಸುವವರು ವಾಹನಕ್ಕೂ ಮೆಟ್ಟಿಲಿಗೂ ಲೆಕ್ಕ ಹಾಕಿ ಸ್ಥಳವನ್ನು ಬಿಡುತ್ತಾರೆ. ಆ ನಕ್ಷೆಯಲ್ಲಿಯೇ ಎರಡು ಮೊಳ ಬರಿಯ ಮಣ್ಣನ್ನೂ ಬರೆಯಿಸಿಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ. ಸಿಮೆಂಟು ಬಿದ್ದ ಮೇಲೆ ಅದನ್ನು ಒಡೆದು ಗಿಡ ನೆಡುವವರು ವಿರಳ.