ಮೇಷ್ಟ್ರ ಪೆನ್ ಡ್ರೈವ್

ಸುಮಾರು ದಿನಗಳಿಂದ ಬರೀಬೇಕು ಅಂದ್ಕೊಂಡಿದ್ದೆ, ಆಗಿರಲಿಲ್ಲ.

ತೀರ್ಥಹಳ್ಳಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಸೇರಿ, ಬರೆದದ್ದನ್ನು ಓದಿಕೊಳ್ಳುತ್ತಿದ್ದೆವು. ಮೇಷ್ಟ್ರೇ ಎಲ್ಲರಿಗಿಂತ ಹಿರಿಯರು, ನಾನು ಕಿರಿಯ. ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಹೋಗುತ್ತಿದ್ದುದೇ ಅವರ ಕತೆ ಕೇಳೋಕೆ. ಪುಣ್ಯಾತ್ಮ ಯಾರನ್ನೂ ಹೊಗಳುತ್ತಿರಲಿಲ್ಲ. ನನ್ನದೊಂದು ಕತೆ ಕೇಳಿ, "ಮಳೆ ಬಂತು ಅಂತ ಬರ್ದಿದೀಯಲ್ಲ, ಯಾವ ಮಳೆ? ಆರಿದ್ರೆಯೋ, ಪುನರ್ವಸುವೋ?" ಅಂದರು. ಅಷ್ಟೇ ವಿಮರ್ಶೆ!

2023ರ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ಆಮೇಲೆ ಅವರ ಮಗಳು ಒಂದು ಪೆನ್ ಡ್ರೈವ್ ಕೊಟ್ಟು, "ಅಪ್ಪನ ಕತೆಗಳು, ಓದೋಕೇ ಬರ್ತಿಲ್ಲ" ಅಂದರು. ತೆರೆದರೆ ತಲೆ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ. ನಮಗೆಲ್ಲ ಗೊತ್ತಿರೋ ಕಾಯಿಲೆನೇ. ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೂ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಮೇಷ್ಟ್ರು ಮಾತ್ರ ಕಲಿತದ್ದನ್ನು ಬಿಡಲಿಲ್ಲ.

ಪರಿವರ್ತಿಸೋಕೆ ನಾನೇ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಕಾಡಿದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು. ಹಾಗಾಗಿ ಮೇಷ್ಟ್ರ ಸೂರ್ಯ 'ಸೂಯರ್' ಆಗಿದ್ದ, ವರ್ಷ 'ವಷರ್' ಆಗಿತ್ತು. ಅದನ್ನು ಸರಿಮಾಡಿದ ಮೇಲೂ ನಂಬಿಕೆ ಬರದೆ, ಒಂದೊಂದೇ ಸಾಲನ್ನು ಕಣ್ಣಲ್ಲೇ ನೋಡುತ್ತಾ ಹೋದೆ. ಎಷ್ಟೋ ರಾತ್ರಿ ಹಿಡಿಯಿತು. ಕೇಳಿದ್ದ ಕತೆಗಳೇ, ಆದರೂ ಅವರ ದನಿ ಇಲ್ಲದೆ ಓದೋದು ಬೇರೆ ತರ... ಕೊನೆಯ ಕಡತದಲ್ಲಿ ಅರ್ಧ ಪುಟ ಮಾತ್ರ ಇದೆ. ಒಬ್ಬಾಕೆ ಸಂಕ ದಾಟುತ್ತಿದ್ದಾಳೆ, ಕೆಳಗೆ ಕೆಂಪು ನೀರು. ಅಲ್ಲಿಗೇ ನಿಂತಿದೆ.

ಇನ್ನೊಂದು ಫೋಲ್ಡರಿನ ಕತೆಗಳು ಮೇಷ್ಟ್ರವಲ್ಲ ಅಂತ ಎರಡು ಸಾಲಿಗೇ ಗೊತ್ತಾಯ್ತು. ನಮ್ಮ ಗುಂಪಿನಲ್ಲಿ ಒಬ್ಬ ಅಡಿಕೆ ಬೆಳೆಗಾರರಿದ್ದಾರೆ, ನೋಟ್‌ಬುಕ್ಕಿನಲ್ಲಷ್ಟೇ ಬರೆಯುವವರು. ಆ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಅವರ ಏಳು ಕತೆಗಳನ್ನು ಮೇಷ್ಟ್ರು ಯಾವಾಗಲೋ ಇಸ್ಕೊಂಡು, ಎರಡು ಬೆರಳಲ್ಲಿ ಕುಟ್ಟಿ, ಪ್ರತಿಯೊಂದರ ಮೇಲೂ ಅವರದೇ ಹೆಸರು ಹಾಕಿ ಇಟ್ಟಿದ್ದರು. ಹೊಗಳದ ಮನುಷ್ಯ! ನಮಗ್ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ಮೊನ್ನೆ ಊರಿಗೆ ಹೋದಾಗ ಪ್ರಿಂಟ್ ತೆಗೆಸಿಕೊಂಡು ಅವರ ತೋಟಕ್ಕೇ ಹೋದೆ. ಕೈ ಒರೆಸಿಕೊಂಡು ಹಾಳೆಗಳನ್ನು ಒಂದೊಂದೇ ತಿರುವಿದರು, ಮತ್ತೆ ಮೊದಲಿಂದ ಎಣಿಸಿದರು.

"ಏಳು ಬರ್ದಿದ್ನಾ ಮಾರಾಯ ನಾನು?" ಅಂದರು.